ಆ ಬುಧವಾರದ ಲಸಿಕೆ

“ತಾಯಿ ಇದ್ದಾರಾ ಮನೇಲಿ?”

ಬಾಗಿಲಲ್ಲಿ ನಿಂತವಳ ಕೊರಳಲ್ಲಿ ಐಡಿ ಕಾರ್ಡ್, ಕೈಯಲ್ಲಿ ಫಾರಂಗಳ ಕಟ್ಟು. ಹೆಸರು ವಿಭಾ. ಜೋಗುಪಾಳ್ಯದ ನಮ್ಮ ಬೀದಿಯ ಮಕ್ಕಳಿಗೆ ನಿಜವಾಗಿ ಹಾಕಿದ ಲಸಿಕೆಗೂ ಆರೋಗ್ಯ ಕೇಂದ್ರದ ದಾಖಲೆಗೂ ತಾಳೆಯಾಗುತ್ತದೆಯೇ ಎಂದು ಮನೆಮನೆಗೆ ಹೋಗಿ ನೋಡುವುದು ಅವಳ ಕೆಲಸ.

ಮಗಳು ಚಿನ್ಮಯಿಗೆ ಜುಟ್ಟು ಕಟ್ಟುತ್ತಿದ್ದ ನಾನು ಬಾಯಲ್ಲಿದ್ದ ರಬ್ಬರ್ ಬ್ಯಾಂಡ್ ತೆಗೆದೆ. “ನಾನೇ ಹೇಳ್ತೀನಿ, ಕೇಳಿ.”

“ಎರಡೇ ಕಾಲಂ ಸರ್. ‘ಕಾರ್ಡ್ ನೋಡಿದ್ದು’, ಇಲ್ಲಾಂದ್ರೆ ‘ತಾಯಿ ಹೇಳಿದ್ದು’. ಅಪ್ಪಂದಿರಿಗೆ ಕಾಲಂ ಇಲ್ಲ.”

“ತಾಯಿ ಇಲ್ಲ. ಕಾರ್ಡ್ ಹುಡುಕ್ಬೇಕು. ಅಲ್ಲೀತನಕ ಅಪ್ಪಂಗೊಂದು ಕಾಲಂ ಮಾಡ್ಕೊಳ್ಳಿ.”

ಅವಳು ಕಣ್ಣೆತ್ತಿದಳು. ನಾನು ಒಂದೊಂದಾಗಿ ಹೇಳಿದೆ. ಹುಟ್ಟಿದ ಮರುದಿನ ಎಡತೋಳಿಗೆ, ಇಲ್ಲೇ ಇದೆ ನೋಡಿ ಕಲೆ. ಒಂದೂವರೆ ತಿಂಗಳಿಗೆ ತೊಡೆಗೆ, ಎರಡು ದಿನ ಜ್ವರ. ಒಂಬತ್ತು ತಿಂಗಳಿಗೆ ದಡಾರದ ಮೊದಲ ಡೋಸ್. ಅಳಲೇ ಇಲ್ಲ, ನರ್ಸನ್ನೇ ದಿಟ್ಟಿಸಿ ನೋಡಿದಳು.

ಎರಡು ಕಾಲಂಗಳ ಪಕ್ಕದಲ್ಲಿ ವಿಭಾ ಪೆನ್ಸಿಲ್ಲಿನಿಂದ ಇನ್ನೊಂದನ್ನು ಎಳೆದು ‘ಅಪ್ಪ’ ಎಂದು ಬರೆದಳು. ಬರೆಯುವಾಗ ತುಟಿಯ ಅಂಚಿನಲ್ಲಿ ಸಣ್ಣ ನಗು ಬಂದು ಹೋಯಿತು. ನಾನು ಅದನ್ನು ನೋಡಿದ್ದು ಅವಳಿಗೂ ಗೊತ್ತಾಯಿತು.

ಕಾರ್ಡ್ ಸಿಕ್ಕಿತೇ ಎಂದು ಕೇಳಲು ಮುಂದಿನ ಭಾನುವಾರ ಬಂದಳು. ಸಿಕ್ಕಿದ ಕಾರ್ಡಿನ ಫೋಟೋ ಮಸುಕಾಗಿದೆಯೆಂದು ಅದರ ಮುಂದಿನ ಭಾನುವಾರ. ಕೆಳಗಿನ ಮನೆಯ ಪ್ರೇಮಕ್ಕ ಮೆಟ್ಟಿಲ ಬಳಿ ತಡೆದರು.

“ಏನಮ್ಮಾ, ನಮ್ಮ ರವಿಕಿರಣನ ಮಗು ಒಂದೇನಾ ಈ ಬೀದೀಲಿರೋದು?”

ವಿಭಾಳ ಕಿವಿ ಕೆಂಪಾದದ್ದು ಮೇಲಿಂದ ನನಗೂ ಕಂಡಿತು.

ಇನ್ಶೂರೆನ್ಸ್ ಆಫೀಸು, ಅಡುಗೆ, ಮಗಳ ಬಟ್ಟೆ ಒಗೆತ. ಎರಡು ವರ್ಷದಿಂದ ನಾನು ಯಾರ ದಾರಿಯನ್ನೂ ಕಾದಿರಲಿಲ್ಲ. ಈಗ ಭಾನುವಾರ ಹತ್ತೂವರೆಗೆ ಶರ್ಟ್ ಬದಲಿಸತೊಡಗಿದ್ದೆ. ಗುಂಡಿ ಹಾಕಿಕೊಳ್ಳುವಾಗ ಮಾತ್ರ ಹೆಂಡತಿ ಅಂಬುಜಾಳ ಫೋಟೋಗೆ ಬೆನ್ನು ಮಾಡುತ್ತಿದ್ದೆ.

ನಾಲ್ಕನೆಯ ಭಾನುವಾರ ವಿಭಾ ಒಂದು ಪ್ರಿಂಟ್ ತಂದಳು. “ದಡಾರದ ಎರಡನೇ ಡೋಸ್ ಕಾರ್ಡಲ್ಲಿ ಖಾಲಿ ಇದೆ. ನಮ್ಮಲ್ಲಿ ಕೊಟ್ಟಿದೆ ಅಂತಿದೆ. ಅಕ್ಟೋಬರ್ ಹದಿನಾರು, ಬುಧವಾರ. ಮರೆತಿದ್ದೀರೇನೋ.”

“ಆ ದಿನ ಮರೆಯಲ್ಲ,” ಎಂದೆ. “ಆವತ್ತು ಬೆಳಿಗ್ಗೆ ಅಂಬುಜಾ ಹೋದ್ಲು. ಡೆಂಗಿ. ಸಂಜೆ ನಾವು ಕಲ್ಪಳ್ಳಿ ಸ್ಮಶಾನದಲ್ಲಿದ್ವಿ. ಚಿನ್ನು ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ಲು. ಯಾರೂ ಸೂಜಿ ಚುಚ್ಚಲಿಲ್ಲ.”

ಅವಳ ಮುಖ ಬಿಳಿಚಿತು. ಟೀ ಮುಟ್ಟದೆ ಎದ್ದು ಹೋದಳು. ಎರಡು ಭಾನುವಾರ ಬರಲಿಲ್ಲ.

ಮೂರನೆಯದಕ್ಕೆ ಬಂದವಳು ಹೊಸ್ತಿಲ ಹೊರಗೇ ನಿಂತಳು.

“ಆ ಎಂಟ್ರಿ ನಂದು. ಆಗ ಸೆಂಟರಲ್ಲಿ ರಿಜಿಸ್ಟರು, ಕಂಪ್ಯೂಟರು ಎರಡೂ ನಾನೇ ನೋಡ್ಕೊಳ್ತಿದ್ದೆ. ಬಂದ ಮಕ್ಕಳ ಲಿಸ್ಟ್ ಸಂಜೆಯಾದ್ರೂ ಕೈಗೆ ಬರ್ಲಿಲ್ಲ. ಬರ್ಬೇಕಾದವರ ಲಿಸ್ಟ್ ಇತ್ತು. ಅದ್ರಲ್ಲಿದ್ದ ಮೂವತ್ತೊಂದು ಹೆಸರಿಗೂ ‘ಕೊಟ್ಟಿದೆ’ ಅಂತ ಹಾಕ್ಬಿಟ್ಟೆ. ಮಾರತ್ತಹಳ್ಳಿ ಬಸ್ ತಪ್ಪುತ್ತೆ ಅಂತ.”

ನಾನು ಚಿತೆಯ ಮುಂದೆ ನಿಂತ ಹೊತ್ತಿಗೆ ಅವಳಿಗೆ ಆ ಬಸ್ ಸಿಕ್ಕಿರಬೇಕು.

“ಹೋದ್ವರ್ಷ ಹಿಂದಿನ ಬೀದೀಲಿ ದಡಾರ ಇತ್ತು ರೀ,” ಎಂದೆ. ದನಿ ನನ್ನದೆನಿಸಲಿಲ್ಲ. “ಎಲ್ಲಾ ಡೋಸ್ ಆಗಿದೆ ಅಂತ ನಿಮ್ಮ ಸೆಂಟರ್ ಮೆಸೇಜ್ ಬಂದಿತ್ತು. ಅಂಬುಜಾನೇ ಯಾವತ್ತೋ ಹಾಕ್ಸಿರ್ಬೇಕು ಅಂದ್ಕೊಂಡು ಇವಳನ್ನ ಆಟಕ್ಕೆ ಬಿಟ್ಟೆ.”

“ಆಫೀಸರ್‌ಗೆ ಬರೆದು ಕೊಟ್ಟಿದ್ದೀನಿ. ಮೂವತ್ತೊಂದು ಮನೇನೂ ಹುಡುಕ್ತಿದ್ದೀನಿ. ಇದು ಹದಿನೆಂಟನೇದು. ಕಾಂಟ್ರ್ಯಾಕ್ಟ್ ಉಳಿಯಲ್ಲ ಅನ್ಸುತ್ತೆ.”

“ತಪ್ಪು ಯಾರದು ಅಂತ ಹೇಳ್ದೇನೂ ಸರಿ ಮಾಡ್ಬಹುದಿತ್ತಲ್ಲ?”

“ಮಾಡ್ಬಹುದಿತ್ತು.” ನೆಲ ನೋಡುತ್ತಿದ್ದ ಕಣ್ಣು ಮೇಲೆದ್ದಿತು. “ಫಾರಂ ಇಲ್ದೇನೇ ಈ ಮನೆಗೆ ಬರ್ಬೇಕು ಅನ್ಸಿತ್ತು. ಈ ಸುಳ್ಳು ಇಟ್ಕೊಂಡು ಬರಕ್ಕಾಗಲ್ಲ.”

ನಾನು ಬಾಗಿಲು ಮುಚ್ಚಿದೆ. ಮೆಟ್ಟಿಲಿಳಿಯುವ ಸದ್ದು ತುಂಬ ಹೊತ್ತು ಕೇಳಿಸಲಿಲ್ಲ. ಆಮೇಲೆ ನಿಧಾನವಾಗಿ ಕೇಳಿಸಿತು.

ಗುರುವಾರ ಅರ್ಧ ದಿನ ರಜೆ ಹಾಕಿ ಮಗಳನ್ನು ಸೆಂಟರಿಗೆ ಕರೆದೊಯ್ದೆ. ವಿಭಾ ದೂರದಲ್ಲಿ ನಿಂತಿದ್ದಳು. ಸೂಜಿ ಕಂಡದ್ದೇ ತಡ, ಚಿನ್ಮಯಿ ಒಂದು ಕೈಯಿಂದ ನನ್ನ ಕಾಲರ್ ಹಿಡಿದು ಇನ್ನೊಂದನ್ನು ಅವಳತ್ತ ಚಾಚಿ ಕಿರುಚಿದಳು. ವಿಭಾ ನನ್ನ ಮುಖ ನೋಡಿದಳು. ನಾನು ಅವಳಿಗೆ ಜಾಗ ಬಿಟ್ಟು ಸ್ವಲ್ಪ ಪಕ್ಕಕ್ಕೆ ಸರಿದೆ.

ಲಸಿಕೆಯಾದ ಮೇಲೆ ನರ್ಸ್ ಹಳೆಯ ರಿಜಿಸ್ಟರ್ ತೆರೆದರು. ವಿಭಾ ಸ್ಕೇಲಿಟ್ಟು ಅಕ್ಟೋಬರ್ ಹದಿನಾರರ ಮೇಲೆ ಒಂದೇ ಒಂದು ಗೆರೆ ಎಳೆದಳು.

“ವೈಟ್ನರ್ ಹಾಕಲ್ವಾ?” ಎಂದೆ.

“ಹಾಕ್ಬಾರ್ದು. ಹಳೇದು ಕಾಣ್ತಿರ್ಬೇಕು. ಪಕ್ಕದಲ್ಲಿ ಇವತ್ತಿಂದು ಬರೀಬೇಕು.”

ಗೆರೆಯಡಿಯ ತಾರೀಖನ್ನು ನಾನು ಓದುತ್ತ ನಿಂತೆ. ಪೂರ್ತಿ ಓದಲು ಬರುತ್ತಿತ್ತು. ಅವಳ ಸಹಿಯ ಪಕ್ಕ ಪೋಷಕರ ಸಹಿ ಹಾಕಿದೆ.

“ಅರ್ಧ ಗಂಟೆ ಇಲ್ಲೇ ಕೂತಿರಿ,” ಎಂದರು ನರ್ಸ್. “ಮಗೂಗೆ ಏನಾದ್ರೂ ಆಗುತ್ತಾ ನೋಡ್ಬೇಕು.”

ಬೆಂಚಿನ ಮೇಲೆ ಚಿನ್ಮಯಿ ಅತ್ತು ಸುಸ್ತಾಗಿ ಮಲಗಿದಳು. ತಲೆ ನನ್ನ ತೊಡೆಯ ಮೇಲೆ, ಕಾಲು ವಿಭಾಳ ಮಡಿಲಲ್ಲಿ.

“ಇನ್ನೆಷ್ಟು ಮನೆ?”

“ಹದಿಮೂರು. ಎರಡು ಮನೆಯವ್ರು ಕೆ.ಆರ್. ಪುರಂ ಕಡೆ ಹೋಗಿದ್ದಾರಂತೆ. ಅಡ್ರೆಸ್ ಇಲ್ಲ.”

“ಭಾನುವಾರ ನನ್ನ ಸ್ಕೂಟರ್ ಖಾಲಿ ಇರುತ್ತೆ.”

ಅವಳು ಮಗುವಿನ ಜಾರಿದ ಸಾಕ್ಸನ್ನು ಮೇಲಕ್ಕೆಳೆದಳು. “ಅದಾದ್ಮೇಲೆ?”

“ಅದಾದ್ಮೇಲೆ ಮನೆಗೆ ಬನ್ನಿ. ಫಾರಂ ಬೇಡ.”

ಅವಳು ಮುಖ ಆಚೆ ತಿರುಗಿಸಿ ದುಪಟ್ಟಾದಿಂದ ಕಣ್ಣೊತ್ತಿಕೊಂಡಳು.

“ಅರ್ಧ ಗಂಟೆ ಆಯ್ತು, ಹೊರಡ್ಬಹುದು,” ಎಂದು ಒಳಗಿನಿಂದ ನರ್ಸ್ ಕೂಗಿದರು.

“ಇನ್ನೂ ಸ್ವಲ್ಪ ಹೊತ್ತು ನೋಡ್ತೀವಿ, ಸಿಸ್ಟರ್,” ಎಂದೆ.