ಏಣಿ ತೆಗೆಯದ ದೋಣಿ

ಕ್ರೇನಿನವನು ಕೊಟ್ಟ ತೂಕದ ಚೀಟಿ ಇನ್ನೂ ನನ್ನ ಹತ್ತಿರ ಇದೆ. ಇಲ್ಲದಿದ್ದರೆ ಇದನ್ನು ಹೇಳುವ ಧೈರ್ಯ ಬರುತ್ತಿರಲಿಲ್ಲ.

ನಮ್ಮ ಪುಟ್ಟ ಹಾಯಿದೋಣಿಯನ್ನು ನಾವಿರುವ ಸ್ವೀಡನ್ನಿನ ಗೊಥೆನ್‌ಬರ್ಗಿನಲ್ಲೇ ಯೋರಾನ್ ಎಂಬ ಮುದುಕರಿಂದ ಈ ವಸಂತದಲ್ಲಿ ಕೊಂಡೆವು. ಬೀಗದ ಕೈ ಕೊಡುವಾಗ ಅವರ ಬಾಡಿದ ಮುಖ ನೋಡಲಾಗದೆ, ನಮ್ಮ ಕಡೆ ಎಲ್ಲರೂ ಅನ್ನುವ ಹಾಗೆ, "ನಿಮ್ಮದೇ ದೋಣಿ ಅಂದ್ಕೊಳ್ಳಿ, ಯಾವಾಗ ಬೇಕಾದ್ರೂ ಬನ್ನಿ" ಎಂದುಬಿಟ್ಟೆ. ಇಲ್ಲಿನವರು ಬಾಯಿಮಾತಿಗೆ ಹಾಗೆಲ್ಲ ಅನ್ನುವುದಿಲ್ಲ.

"ಯಾವಾಗ ಬೇಕಾದ್ರೂನಾ?" ಎಂದು ಅವರು ಗಂಭೀರವಾಗಿ ಕೇಳಿದರು. ನಾನು ಹೂಂ ಅಂದೆ.

ಆಗಸ್ಟ್‌ನಲ್ಲಿ ಅವರು ತೀರಿಕೊಂಡರು.

ಅಕ್ಟೋಬರ್ ಕೊನೆಯ ಶನಿವಾರ ಬೆಳಿಗ್ಗೆ, ಚಳಿಗಾಲಕ್ಕೆಂದು ನಮ್ಮ ಹಾಯಿದೋಣಿ ಕ್ಲಬ್ಬಿನ ದೋಣಿಗಳನ್ನೆಲ್ಲ ಕ್ರೇನಿನಲ್ಲಿ ದಡಕ್ಕೆತ್ತುತ್ತಿದ್ದರು. ನಾನೂ ಹೆಂಡತಿ ಶ್ರಾವಣಿಯೂ ಹಾಯಿ, ಲಂಗರು, ಕೊನೆಗೆ ಚಮಚಗಳನ್ನೂ ಇಳಿಸಿ ದೋಣಿ ಖಾಲಿ ಮಾಡಿದ್ದೆವು. ಅದರ ಮೇಲೆಲ್ಲ ಮಂಜು ಹೆಪ್ಪುಗಟ್ಟಿ ಬೆಳ್ಳಗಾಗಿತ್ತು. ಚುಕ್ಕಾಣಿಯ ಪಕ್ಕ ಒಬ್ಬರು ಕೂರುವಷ್ಟು ಜಾಗ ಮಾತ್ರ ಒಣಗಿತ್ತು. ಕೈಯಿಟ್ಟೆ, ಬೆಚ್ಚಗಿತ್ತು.

ದೋಣಿ ಮೇಲೇರಿದಾಗ ಕ್ರೇನಿನವನು ತೂಕ ನೋಡಿ, "ಒಳಗಿರೋರನ್ನ ಮೊದ್ಲು ಇಳಿಸಿ" ಎಂದು ಕೂಗಿದ. ಹೋದ ವರ್ಷಕ್ಕಿಂತ ಎಪ್ಪತ್ತೆರಡು ಕಿಲೋ ಜಾಸ್ತಿ ತೋರಿಸುತ್ತಿತ್ತು. ಒಳಗೆ ಯಾರೂ ಇರಲಿಲ್ಲ.

ದಡದಲ್ಲಿ ಕೂರಿಸಿದ ಮೇಲೆ ದೋಣಿಗೆ ಒರಗಿಸಿದ ಏಣಿಯನ್ನು ತೆಗೆದಿಡಬೇಕು, ಅದು ಕ್ಲಬ್ಬಿನ ನಿಯಮ. ತೆಗೆಯಹೋದ ನನ್ನ ಕೈಯನ್ನು ಶ್ರಾವಣಿ ಹಿಡಿದಳು.

"ಇರ್ಲಿ ಬಿಡು. ಪಾಪ, ಅವ್ರು ಇಳೀಬೇಕಲ್ವಾ?"

ಮುಂದಿನ ಶನಿವಾರ ಹೋಗಿ ನೋಡಿದೆ. ಏಣಿಯ ಒಂದೊಂದು ಮೆಟ್ಟಿಲ ಮೇಲೂ ಮಂಜು ಕದಡದೆ ಕೂತಿತ್ತು. ಹತ್ತಿ ಹೋಗಿ ಚುಕ್ಕಾಣಿಯ ಪಕ್ಕ ಕೈಯಿಟ್ಟೆ.

ಆ ಜಾಗ ಇನ್ನೂ ಬೆಚ್ಚಗೇ ಇತ್ತು.