ಇಲ್ಲಿ ಹೇಳಿದ್ದು ಇಲ್ಲೇ

"ನನ್ನ ಹೆಸರನ್ನ ಮೈಕಲ್ಲಿ ಹೇಳಿ ಅಂತ ನಿಮಗೆ ಹೇಳಿದ್ಯಾರ್ರೀ?"

ಸುತ್ತಲಿನ ಊರುಗಳ ಚರ್ಚಿನವರೆಲ್ಲ ಸೇರುವ ದೊಡ್ಡ ಸಭೆ ಮುಗಿದು, ಆನವಟ್ಟಿಯ ಚರ್ಚಿನ ಹಿಂದೆ ಊಟದ ಸಾಲು ನಿಂತಿತ್ತು. ಪಲಾವಿನ ತಟ್ಟೆ ಹಿಡಿದಿದ್ದ ದಯಾಕರ ತಿರುಗಿ ನೋಡಿದ. ಎದುರಿಗೆ ಬಿಂದುಶ್ರೀ. ಕಣ್ಣು ಕೆಂಪಾಗಿದ್ದವು. ಅತ್ತಿದ್ದಕ್ಕಲ್ಲ, ಸಿಟ್ಟಿಗೆ.

"ನಾನು... ನಿಮಗೋಸ್ಕರ ಪ್ರಾರ್ಥನೆ ಮಾಡಿದೆ ಅಷ್ಟೇ, ಸಹೋದರಿ."

"ಮಾಡಿ ಅಂತ ಕೇಳಿದ್ನಾ? ಇನ್ನೊಂದು, ನಾನು ನಿಮಗೆ ಸಹೋದರಿ ಅಲ್ಲ!"

ಸಾಲಿನಲ್ಲಿದ್ದವರೆಲ್ಲ ಊಟ ಮರೆತು ಇವರನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಿನ ಮುಂಚೆ ಇದೇ ಜನ ಕಣ್ಣು ಮುಚ್ಚಿ ಕೂತಿದ್ದಾಗ, ಇದೇ ದಯಾಕರ ಗಂಟಲು ತೆರೆದು ಹೇಳಿದ್ದ: "ಕರ್ತನೇ, ಶಿಕಾರಿಪುರದ ಸಹೋದರಿ ಬಿಂದುಶ್ರೀಗೆ ತಾಯಿ ತೀರಿಕೊಂಡಾಗಿನಿಂದ ಪ್ರಾರ್ಥನೆ ಬರುತ್ತಿಲ್ಲ. ಅವಳ ಬಾಯಿ ತೆರೆಸು!"

ಆಮೆನ್ ಹೇಳುವ ಮೊದಲೇ ಎಲ್ಲರ ಕಣ್ಣು ತೆರೆದಿದ್ದವು. ಮುಂದಿನ ಸಾಲಿನಲ್ಲಿ ಅವಳ ಅಪ್ಪ ಕೂತಿದ್ದರು. ಶಿಕಾರಿಪುರದ ಸಭೆಯ ಹಿರಿಯರು ಅವರು.

ಪ್ರಾರ್ಥನೆ ಬರುತ್ತಿಲ್ಲ ಎಂದು ಬಿಂದುಶ್ರೀ ಹೇಳಿಕೊಂಡಿದ್ದು ಬೇರೆ ಜಾಗದಲ್ಲಿ. ಶಿಕಾರಿಪುರದ ಐದಾರು ಯುವಕ ಯುವತಿಯರು ಪ್ರತಿ ಭಾನುವಾರ ಸಂಜೆ ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತಿದ್ದರು. ಬೈಬಲಿನ ಒಂದು ಭಾಗ ಓದುವುದು, ವಾರದ ಕಷ್ಟಸುಖ ಹೇಳಿಕೊಳ್ಳುವುದು, ಒಬ್ಬರಿಗಾಗಿ ಇನ್ನೊಬ್ಬರು ಪ್ರಾರ್ಥಿಸುವುದು. ಪಾಸ್ಟರ್ ಬರುವುದಿಲ್ಲ, ಹಿರಿಯರು ಕೂರುವಂತಿಲ್ಲ. ಮುಖ್ಯ ನಿಯಮ ಒಂದೇ: ಇಲ್ಲಿ ಹೇಳಿದ್ದು ಇಲ್ಲೇ.

ಆ ಧೈರ್ಯದ ಮೇಲೆ ಅವಳು ಬಾಯಿ ಬಿಟ್ಟಿದ್ದಳು. ಅವತ್ತು ಗೆಳತಿ ಅಶ್ವಿನಿಯ ಮನೆಯಲ್ಲಿ ಸಭೆ. ಅಶ್ವಿನಿಯ ದೊಡ್ಡಮ್ಮನ ಮಗ ಸೊರಬದಿಂದ ಬಂದು ಮೂಲೆಯಲ್ಲಿ ಕೂತಿದ್ದ. ಇವನೇ, ದಯಾಕರ!

'ಇನ್ನು ಎಲ್ಲಿ ಹೋಗಿ ನಿಜ ಹೇಳಲಿ?' ಎಂದುಕೊಂಡಳು ಬಿಂದುಶ್ರೀ. ತಟ್ಟೆ ಮುಟ್ಟದೆ ಬಸ್ಸು ಹತ್ತಿದಳು.

ಆಮೇಲಿನ ವಾರಗಳು ಕೆಟ್ಟದಾಗಿದ್ದವು. ಸಭೆಯ ಹೆಂಗಸರು ಜೋಡಿ ಜೋಡಿಯಾಗಿ ಮನೆಗೆ ಬಂದರು.

"ಗುಪ್ತವಾಗಿ ಏನಾದ್ರೂ ಪಾಪ ಇದ್ಯೇನೇ ಮಗಾ? ಹೇಳಿಬಿಡು."

"ಇದೆ ಆಂಟಿ. ಈಗ ನಿಮ್ಮನ್ನ ಹೊರಗೆ ಕಳಿಸ್ಬೇಕು ಅನ್ನಿಸ್ತಿದೆ."

ಅವರು ಮತ್ತೆ ಬರಲಿಲ್ಲ. ಅಪ್ಪ ಮಾತ್ರ ಒಂದೇ ಮಾತು ಕೇಳಿದರು. "ನನ್ನ ಮಗಳ ವಿಷಯ ನಾನು ಮೈಕಲ್ಲಿ ಕೇಳ್ಬೇಕಾಯ್ತಾ?"

"ನಿಮಗೆ ಹೇಳಿದ್ರೆ ಉಪವಾಸ ಪ್ರಾರ್ಥನೆಗೆ ಕೂರಿಸ್ತಿದ್ರಿ ಅಪ್ಪಾ."

ಅವರು ಎದ್ದು ಜಗುಲಿಗೆ ಹೋದರು. ಸುಳ್ಳಲ್ಲವಲ್ಲ. ಅವಳು ಗುಂಪಿಗೆ ಹೋಗುವುದನ್ನೂ ಬಿಟ್ಟಳು.

ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹತ್ತಿರದ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಅವಳ ಕೆಲಸ. ಒಂದು ಮಧ್ಯಾಹ್ನ ಕುರ್ಚಿಯಲ್ಲಿ ದಯಾಕರ ಕೂತಿದ್ದ.

"ಸಕ್ಕರೆ ಪರೀಕ್ಷೆ ಮಾಡಿಸ್ಬೇಕಿತ್ತು."

"ಊಟ ಆಗಿದ್ಯಾ?"

"ಆಗಿದೆ."

"ನಾಳೆ ಖಾಲಿ ಹೊಟ್ಟೇಲಿ ಬನ್ನಿ."

ಬರುವುದಿಲ್ಲ ಎಂದುಕೊಂಡಿದ್ದಳು. ಮರುದಿನ ಅವಳು ಬೀಗ ತೆಗೆಯುವಾಗಲೇ ನಿಂತಿದ್ದ. ಸೊರಬದ ಮೊದಲ ಬಸ್ಸಿಗೆ ಬಂದಿದ್ದ, ಟೀ ಸಹ ಕುಡಿದಿರಲಿಲ್ಲ. ಅವಳು ತೋಳಿಗೆ ಪಟ್ಟಿ ಕಟ್ಟಿ ಸೂಜಿ ತೆಗೆದಳು. ಅವನು ಮುಖ ತಿರುಗಿಸಿಕೊಂಡ.

"ಭಯಾನಾ?"

"ಸೂಜಿಗಲ್ಲ."

"ಎಲ್ಲರ ಮುಂದೆ ದೊಡ್ಡ ಮನುಷ್ಯ ಆಗೋಕೆ ಹಾಗೆ ಮಾಡಿದ್ರಿ ಅಲ್ವಾ?"

"ಇಲ್ಲರೀ! ನಮ್ಮ ಸೊರಬದ ಗುಂಪಲ್ಲಿ ಪದ್ಧತಿನೇ ಬೇರೆ. ಒಬ್ಬರ ಭಾರ ಗೊತ್ತಾದ್ರೆ ಅದನ್ನ ದೊಡ್ಡ ಸಭೆಗೆ ಹೊತ್ಕೊಂಡು ಹೋಗ್ಲೇಬೇಕು. ನನ್ನ ತಮ್ಮ ಆಸ್ಪತ್ರೇಲಿದ್ದಾಗ ಊರೂರಲ್ಲಿ ಅವನ ಹೆಸರು ಹೇಳಿ ಪ್ರಾರ್ಥಿಸಿದ್ರು. ಬಾಯಿ ಮುಚ್ಕೊಂಡಿದ್ರೆ ಪ್ರೀತಿ ಇಲ್ಲ ಅಂತ ನಮ್ಮಲ್ಲಿ. ನಿಮ್ಮ ನಿಯಮ ಕೇಳಿಸ್ಕೊಂಡಿದ್ದೆ, ಆದ್ರೆ ಅದು ಸಭೆಯ ಹೊರಗಿನ ಜನಕ್ಕೆ ಅಂದ್ಕೊಂಡೆ. ಸಭೆಯವರೇ ಹೊರಗಿನವರಾಗ್ತಾರೆ ಅಂತ ಹೊಳೀಲಿಲ್ಲ."

"ಕಾಯಿಲೆ ಬೇರೆ, ಇದು ಬೇರೆ."

"ಗೊತ್ತಾಯ್ತು. ತಡವಾಗಿ... ತಪ್ಪಾಯ್ತು."

ಅವಳು ಹತ್ತಿ ಒತ್ತಿ ಹಿಡಿಯಲು ಹೇಳಿದಳು. ಕ್ಷಮಿಸಿದೆ ಎನ್ನಲಿಲ್ಲ. ಅವನೂ ಕೇಳಲಿಲ್ಲ. ರಿಪೋರ್ಟ್ ಕೊಡುವಾಗ ಇಷ್ಟೇ ಅಂದಳು: "ನಿಮಗೆ ಸಕ್ಕರೆ ಇಲ್ಲ."

"ಮಾತಲ್ಲೂ ಇಲ್ಲ ಅಂತಾಳೆ ನಮ್ಮಮ್ಮ."

ನಗು ಬಂತು. ತಡೆದುಕೊಂಡಳು.

ಆ ವಾರ ಅಶ್ವಿನಿ ಬಂದಳು. "ಈ ಭಾನುವಾರ ನಿಮ್ಮನೆ ಸರದಿ ಕಣೇ. ನಾವು ಬರೋದಾ, ಬೇಡ್ವಾ? ಒಂದು ಹೇಳ್ತೀನಿ, ಸಿಟ್ಟು ಮಾಡ್ಬೇಡ. ದಯಾ ಅಣ್ಣ ಆವತ್ತಿಂದ ಬಾಯಿ ಬಿಟ್ಟು ಪ್ರಾರ್ಥನೆ ಮಾಡಿಲ್ಲ. ಅವನ ಸರದಿ ಬಂದ್ರೆ ಬರೀ ಆಮೆನ್ ಅಂತಾನೆ. ಸೊರಬದಲ್ಲಿ ಎಲ್ಲರೂ ಕೇಳ್ತಿದ್ದಾರೆ, ಏನಾಯ್ತು ಅಂತ. ಅದನ್ನೂ ಹೇಳಲ್ಲ."

'ಈಗಲಾದರೂ ಬಾಯಿ ಮುಚ್ಚಿದನಲ್ಲ' ಎಂದುಕೊಂಡಳು ಬಿಂದುಶ್ರೀ. ಆದರೆ ಆ ಯೋಚನೆಯಲ್ಲಿ ಹಳೆಯ ಖಾರವಿರಲಿಲ್ಲ.

"ಬನ್ನಿ," ಅಂದಳು. ಸ್ವಲ್ಪ ತಡೆದು, "ಅವರನ್ನೂ ಕರ್ಕೊಂಡು ಬಾ."

ಭಾನುವಾರ ಎಲ್ಲರೂ ನಡುಮನೆಯ ಚಾಪೆಯ ಮೇಲೆ ಕೂತರು. ಅಪ್ಪ ನಿಯಮಕ್ಕೆ ತಲೆಬಾಗಿ ಹೊರಗೆ ಜಗುಲಿಯಲ್ಲಿ ಕೂತರು. ಪ್ರಾರ್ಥನೆಯ ಸರದಿ ಸುತ್ತಿ ಬಿಂದುಶ್ರೀಯ ಹತ್ತಿರ ಬಂತು. ಅವಳು ಕಣ್ಣು ಮುಚ್ಚಿದಳು.

"ಕರ್ತನೇ... ನಾನಿಲ್ಲಿದ್ದೀನಿ. ಇಷ್ಟೇ."

ಬಾಗಿಲಲ್ಲಿ ಸದ್ದಾಯಿತು. ಅಪ್ಪ ನಿಂತಿದ್ದರು.

"ಒಂದು ಮಾತಿದೆ. ಅದು ಇಲ್ಲೇ ಇರ್ಬೇಕು." ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಪ್ರತಿ ಭಾನುವಾರ ಮೈಕ್ ಹಿಡ್ಕೊಂಡು ಪ್ರಾರ್ಥನೆ ಮಾಡ್ತೀನಿ. ಮನೇಲಿ ಒಬ್ಬನೇ ಕೂತ್ರೆ... ನನಗೂ ಬರ್ತಿಲ್ಲ ಮಗಳೇ."

ಬಿಂದುಶ್ರೀ ತಟ್ಟನೆ ದಯಾಕರನನ್ನು ನೋಡಿದಳು. 'ಶುರು ಮಾಡ್ತಾನೆ ಈಗ!' ಅವನು ಬಾಯಿ ತೆರೆಯಲಿಲ್ಲ. ಚಾಪೆಯಲ್ಲಿ ಸರಿದು ಜಾಗ ಮಾಡಿದ. ಅಪ್ಪ ಬಂದು ಅವನ ಪಕ್ಕ ಕೂತರು.

ಅವನು ಅವಳಿಗೆ ಇಷ್ಟವಾದದ್ದು ಆ ಗಳಿಗೆಯಲ್ಲಿ. ಬೇರೆ ದೊಡ್ಡ ಕಾರಣವೇನೂ ಇಲ್ಲ.

ಮುಂದಿನ ತಿಂಗಳು ಆನವಟ್ಟಿಯ ದೊಡ್ಡ ಸಭೆ ಮತ್ತೆ ಬಂತು. "ಯಾರದಾದರೂ ಪ್ರಾರ್ಥನಾ ವಿಷಯ ಇದೆಯಾ?" ಎಂದು ಪಾಸ್ಟರ್ ಕೇಳಿದರು. ಮೈಕು ಕೈಯಿಂದ ಕೈಗೆ ದಾಟುತ್ತ ದಯಾಕರನಿಗೆ ಬಂತು. ಬಿಂದುಶ್ರೀ ಅಪ್ಪನತ್ತ ನೋಡಿದಳು. ಇವನ ಹೊಟ್ಟೆಯಲ್ಲೀಗ ಅವಳದ್ದಷ್ಟೇ ಅಲ್ಲ, ಅಪ್ಪನ ಮಾತೂ ಇತ್ತು.

ಅವನು ಮೈಕನ್ನು ಪಕ್ಕದವರಿಗೆ ದಾಟಿಸಿದ.

ಊಟದ ಸಾಲಿನಲ್ಲಿ ಈ ಸಲ ಅವಳೇ ಅವನ ಹಿಂದೆ ಹೋಗಿ ನಿಂತಳು.

"ಪ್ರಾರ್ಥನೆ ಬರ್ತಿದ್ಯಾ ಈಗ?" ಅವನು ಮೆಲ್ಲಗೆ ಕೇಳಿದ.

"ಎರಡು ಸಾಲು ಬರ್ತಿದೆ. ಅಪ್ಪನ ಜೊತೆ ಕೂತ್ರೆ ಮೂರು. ನಿಮಗೆ?"

"ನನಗೊಂದು ವಿಷಯ ಇದೆ. ಆದ್ರೆ ಇಲ್ಲಿ ಹೇಳಿದ್ದು ಇಲ್ಲೇ ಇರ್ಬೇಕು."

"ಹೇಳಿ."

"ಒಬ್ಬರ ಮೇಲೆ ಮನಸ್ಸಾಗಿದೆ. ಹೆಸರು ಹೇಳೋಕೆ ಅವರ ಅನುಮತಿ ತಗೊಂಡಿಲ್ಲ."

ಸಾಲು ಮುಂದೆ ಸರಿಯಿತು. ಇಬ್ಬರೂ ಸರಿಯಲಿಲ್ಲ. ಹಿಂದಿನವರು ಗೊಣಗಿದರು.

"ಅನುಮತಿ ಇದೆ," ಅಂದಳು. "ಮೈಕ್ ಬೇಡ."

"ಬಿಂದು..." ಅಂದ. ಮುಂದೆ ಸಹೋದರಿ ಎಂಬುದಿರಲಿಲ್ಲ. "ನಿಮ್ಮಪ್ಪಂಗೆ ಏನು ಹೇಳೋದು?"

"ಇದೊಂದನ್ನ ಹೊರಗೆ ಹೇಳ್ಬಹುದು. ಭಾನುವಾರ ಮನೆಗೆ ಬಂದು ನೀವೇ ಹೇಳಿ." ತಟ್ಟೆಯೊಂದನ್ನು ಅವನ ಕೈಗಿಟ್ಟಳು. "ಖಾಲಿ ಹೊಟ್ಟೇಲಿ ಬರ್ಬೇಡಿ."