ಹೆಬ್ಬೆರಳು ತೋರಿಸು, ವೆನಿಂಗ್

ಢಮಾರ್!

ಸುರಬಾಯ ನಿಲ್ದಾಣದಲ್ಲಿ ಆಗತಾನೇ ಬಂದು ನಿಂತಿದ್ದ ವಿಮಾನದ ಬಾಗಿಲಿನಿಂದ ದೊಡ್ಡ ಜಾರುಬಂಡೆಯೊಂದು ಉಬ್ಬಿಕೊಂಡು ಹೊರಗೆ ಚಿಮ್ಮಿತು. ಮೆಟ್ಟಿಲ ತುದಿಯಲ್ಲಿದ್ದ ಎಂಜಿನಿಯರ್ ದಮರ್ ಅದರ ಹೊಡೆತಕ್ಕೆ ಕೆಳಗುರುಳಿದ.

ಬಾಗಿಲು ತೆಗೆದವಳು ಗಗನಸಖಿ ವೆನಿಂಗ್.

ಬೆಂಕಿ ಬಿದ್ದರೆ ಜನ ಜಾರಿ ಪಾರಾಗಲೆಂದು ಬಾಗಿಲಲ್ಲೇ ಮಡಿಸಿಟ್ಟಿರುವ ಗಾಳಿಯ ಜಾರುಬಂಡೆ ಅದು. ವಿಮಾನ ಇಳಿದ ಮೇಲೆ ಅದರ ಕೊಂಡಿ ಬಿಡಿಸಿಯೇ ಬಾಗಿಲು ತೆಗೆಯಬೇಕು. ಅದಕ್ಕೆಂದೇ ಹೊರಗಿನವರು ಎರಡು ಸಲ ತಟ್ಟುತ್ತಾರೆ; ಒಳಗಿನವರು ಕೊಂಡಿ ನೋಡಿಕೊಂಡು ಪುಟ್ಟ ಕಿಟಕಿಯಲ್ಲಿ ಹೆಬ್ಬೆರಳು ತೋರಿಸುತ್ತಾರೆ. ದಮರ್ ತಟ್ಟಿದ್ದ. ವೆನಿಂಗ್ ಹೆಬ್ಬೆರಳನ್ನೂ ತೋರಿಸಿದ್ದಳು. ಕೊಂಡಿ ಮಾತ್ರ ಬಿಡಿಸಿರಲಿಲ್ಲ!

ಮಣಿಕಟ್ಟು ಹಿಡಿದುಕೊಂಡು ನರಳುತ್ತಿದ್ದವನನ್ನು ಅವಳು ಮೇಲಿನಿಂದ ನೋಡಿದಳು. ಅವನೂ ನೋಡಿದ.

'ಅಯ್ಯೋ ಅನ್ನಬೇಕಲ್ವಾ ನಾನು... ಓಡಿಹೋಗಬೇಕಲ್ವಾ?'

ಅನ್ನಲಿಲ್ಲ, ಓಡಲಿಲ್ಲ. ಎದೆಯಲ್ಲಿ ಏನೂ ಅಲ್ಲಾಡಲಿಲ್ಲ.

ಹಿಂದಿನ ವಾರವಷ್ಟೇ ಅವಳ ಅಮ್ಮ ತೀರಿಕೊಂಡಿದ್ದಳು. ಆ ಹೊತ್ತಿನಲ್ಲಿ ವೆನಿಂಗ್ ಆಕಾಶದಲ್ಲಿ ಯಾರಿಗೋ ನಗುನಗುತ್ತಾ ಚಹಾ ಕೊಡುತ್ತಿದ್ದಳು. ಇಳಿದು, ಸುದ್ದಿ ತಿಳಿದು, ಊರು ಬ್ಲಿತಾರ್ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ಹಸಿ ಮಣ್ಣಿನ ಮೇಲೆ ಹೂವು ಚೆಲ್ಲಿದಳು. ಅಳು ಬರಲಿಲ್ಲ. ಆಮೇಲೂ ಬರಲಿಲ್ಲ. ಕೆಲಸಕ್ಕೆ ಕರೆ ಬಂತು, ಲಿಪ್‌ಸ್ಟಿಕ್ ಹಚ್ಚಿಕೊಂಡು ಹೋದಳು.

ವಿಚಾರಣೆ ನಡೆಯಿತು. ಹಾರಾಟದಿಂದ ಇಳಿಸಿ ಅವಳನ್ನು ವಿಮಾನ ದುರಸ್ತಿಯ ಹ್ಯಾಂಗರಿಗೆ ಕಳಿಸಿದರು. ಹಾರಾಟ ಮುಗಿಸಿದ ಹಳೆಯ ವಿಮಾನವೊಂದು ಅಲ್ಲಿ ತರಬೇತಿಗೆಂದೇ ನಿಂತಿತ್ತು. ಬಾಗಿಲಿನ ಪರೀಕ್ಷೆಯಲ್ಲಿ ಗೆದ್ದರೆ ಕೆಲಸ ಉಳಿಯುತ್ತದೆ, ಸೋತರೆ ಮನೆಗೆ.

ಕಲಿಸಲು ಬಂದವನು ಯಾರು ಗೊತ್ತೇ? ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡ ದಮರ್! ಮುರಿದ ಕೈಯಲ್ಲಿ ಎಂಜಿನ್ ಬಿಚ್ಚಲಾಗದು, ಪಾಠ ಹೇಳಬಹುದು ಎಂದು ಮೇಲಿನವರ ಲೆಕ್ಕ.

"ಬನ್ನಿ ಜಾರುಬಂಡೆ ಮೇಡಂ..."

ಹ್ಯಾಂಗರಿನಲ್ಲೆಲ್ಲ ಆ ಹೆಸರು ಆಗಲೇ ಹಬ್ಬಿತ್ತು. ಅವಳು ಸಿಟ್ಟಾಗಲಿಲ್ಲ.

"ನಮಸ್ಕಾರ, ಬಾಪಾಕ್ ದಮರ್."

"ಬಾಪಾಕಾ? ಸಾಹೇಬ್ರೇ ಅನ್ನೋಕೆ ನನಗೇನು ಹೊಟ್ಟೆ ಬಂದಿದೆಯಾ? ಎಲ್ರೂ ಮಸ್ ಅಂತಾರೆ. ನೀವೂ ಹಾಗೇ ಅನ್ನಿ."

"ಸರಿ, ಬಾಪಾಕ್."

ಮಸ್ ಎಂದರೆ ಅಣ್ಣ. ಹೆಂಡತಿ ಗಂಡನನ್ನು ಕರೆಯುವುದೂ ಹಾಗೆಯೇ. ದನಿಯಲ್ಲಿ ಒಂದಿಷ್ಟು ಬಿಸುಪಿಲ್ಲದೆ ಆ ಮಾತು ಬಾಯಿಗೆ ಬರುವುದಿಲ್ಲ. ವೆನಿಂಗಳಲ್ಲಿ ಆ ಬಿಸುಪು ಎಲ್ಲಿತ್ತು?

ಅವನು ಬಾಗಿಲಿನ ಪಾಠದ ನಡುವೆ ಯಾರೂ ಗಮನಿಸದ ಸಣ್ಣಪುಟ್ಟ ಸಂಗತಿಗಳನ್ನೆಲ್ಲ ತೋರಿಸುತ್ತಿದ್ದ. ರೆಕ್ಕೆಯ ಮೇಲಿನ ಹಳದಿ ಕೊಕ್ಕೆ: ವಿಮಾನ ನೀರಿಗಿಳಿದರೆ ಹಗ್ಗ ಕಟ್ಟಿ ಹಿಡಿದುಕೊಳ್ಳಲು. ಗೋಡೆಯ ಕಪ್ಪು ತ್ರಿಕೋನ: ರೆಕ್ಕೆ ಚೆನ್ನಾಗಿ ಕಾಣುವ ಕಿಟಕಿಯ ಗುರುತು.

"ಕಿಟಕಿಯಲ್ಲಿ ಈ ಸೂಜಿತೂತು ನೋಡಿದೀರಾ? ಹೊರಗಿನ ಗಾಜು ಒಳಗಿನ ಗಾಳಿಯ ಒತ್ತಡವನ್ನೆಲ್ಲ ತಾನೊಂದೇ ಹೊತ್ಕೊಂಡಿರತ್ತೆ. ಅದರ ಹಿಂದಿನ ಗಾಜಿಗೆ ಈ ತೂತು. ಅದು ಸುಮ್ನೆ ಜೊತೇಲಿ ನಿಂತಿರತ್ತೆ, ಆಕಡೆಯದು ಒಡೆದ್ರೆ ತಾನು ಹೊರೋಕೆ."

"ಒಡೆಯೋವರೆಗೂ ಅದಕ್ಕೇನೂ ಗೊತ್ತಾಗಲ್ವಾ?"

"ಭಾರ ಗೊತ್ತಾಗಲ್ಲ. ಜೊತೇಲಿರತ್ತೆ, ಅಷ್ಟೇ."

ಮಧ್ಯಾಹ್ನ ಊಟದ ಪೊಟ್ಟಣದ ರಬ್ಬರ್ ಬ್ಯಾಂಡನ್ನು ಅವನು ಹಲ್ಲಿನಿಂದ ಎಳೆಯುತ್ತಿದ್ದರೆ ವೆನಿಂಗ್ ಸುಮ್ಮನೆ ಕಸಿದುಕೊಂಡು ಬಿಚ್ಚಿಕೊಡುತ್ತಿದ್ದಳು. ಬಾಳೆಎಲೆಯಲ್ಲಿ ಅನ್ನ, ಬೇಯಿಸಿದ ಸೊಪ್ಪು, ಮೇಲೆ ಕಡಲೆಕಾಯಿ ಗೊಜ್ಜು. ಅವಳ ಬಾಯಿಗೆ ಯಾವ ರುಚಿಯೂ ಹತ್ತುತ್ತಿರಲಿಲ್ಲ. ಆದರೂ ಊಟದ ಹೊತ್ತಾದರೆ ಕಣ್ಣು ತಾನಾಗಿ ಅವನನ್ನು ಹುಡುಕುತ್ತಿತ್ತು. ಅದು ಅವಳ ಗಮನಕ್ಕೇ ಬಂದಿರಲಿಲ್ಲ, ಪಾಪ.

ಪರೀಕ್ಷೆಯ ದಿನ ಬಂತು. ಜೊತೆಗೆ ಹಾರುತ್ತಿದ್ದ ಗೆಳತಿ ಸೆಕಾರ್ ಹಾರೈಸಲೆಂದು ಬಂದವಳು ಕಿವಿಯಲ್ಲಿ ಉಸುರಿದಳು.

"ಆ ದಮರ್ ಜೊತೆ ಅಷ್ಟೊಂದು ಸಲಿಗೆ ಬೇಡ ಕಣೇ. ವಿಚಾರಣೇಲಿ ಏನಂದ ಗೊತ್ತಾ? 'ಅವಳ ಕಣ್ಣಲ್ಲಿ ಯಾರೂ ಇರಲಿಲ್ಲ' ಅಂದ್ನಂತೆ! ಹೆಣ ಅಂದ ಹಾಗೇ ಅಲ್ವಾ?"

ವೆನಿಂಗಳ ಎದೆಯಲ್ಲಿ ಏನೋ ಚುಚ್ಚಿತು. ಇಷ್ಟು ದಿನವಾದ ಮೇಲೆ... ನೋವು!

ವಿಮಾನದೊಳಗೆ ಓಡಿ, ಹಿಂಬದಿಯ ಶೌಚಾಲಯ ಹೊಕ್ಕು ಚಿಲಕ ಹಾಕಿಕೊಂಡಳು.

ಸ್ವಲ್ಪ ಹೊತ್ತಿಗೆ ಹೊರಗೆ ಹೆಜ್ಜೆ ಸದ್ದಾಯಿತು. ದಮರ್ ಬಂದು ಬಾಗಿಲು ತಟ್ಟಿದ. ಟಕ್, ಟಕ್.

"ವೆನಿಂಗ್? ಪರೀಕ್ಷೆಗೆ ಕರೀತಿದಾರೆ."

"ಪರೀಕ್ಷೆ ಬೇಡ ನಂಗೆ. ಬ್ಲಿತಾರ್‌ಗೆ ಹೊರಟುಹೋಗ್ತೀನಿ. ಕಣ್ಣಲ್ಲಿ ಯಾರೂ ಇಲ್ದಿರೋಳಿಗೆ ಕೆಲಸ ಯಾಕೆ, ಬಾಪಾಕ್?"

ಅವಳಿಗೆ ಗೊತ್ತಿತ್ತು: ಬಾಗಿಲ ಮೇಲಿನ 'ಶೌಚಾಲಯ' ಫಲಕ ಎತ್ತಿದರೆ ಅಡಿಯಲ್ಲೊಂದು ಗುಂಡಿ ಇದೆ. ಸರಿಸಿದರೆ ಒಳಗಿನ ಚಿಲಕ ಬಿಟ್ಟುಕೊಳ್ಳುತ್ತದೆ. ಒಳಗೆ ಯಾರಾದರೂ ಪ್ರಜ್ಞೆ ತಪ್ಪಿದರೆ ಅಂತ. ಅವನೇ ಕಲಿಸಿದ್ದು. ಈಗ ತೆಗೆಯುತ್ತಾನೆ ಎಂದು ಗೋಡೆಗೆ ಒರಗಿ ನಿಂತಳು.

ಫಲಕ ಅಲ್ಲಾಡಲಿಲ್ಲ. ಬದಲಿಗೆ ಅವನು ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತ ಸದ್ದು ಕೇಳಿಸಿತು.

"ತೆಗೆಯೋದು ಎರಡು ನಿಮಿಷದ ಕೆಲಸವೂ ಅಲ್ಲ. ಆದ್ರೆ ತೆಗೆಯಲ್ಲ. ನೀನಾಗೇ ತೆಗೀಬೇಕು."

ಮೊದಲ ಸಲ 'ನೀನು' ಎಂದಿದ್ದ.

"ಹಾಗಂದಿದ್ದು ನಿಜ, ವೆನಿಂಗ್. ಕಣ್ಣಲ್ಲಿ ಯಾರೂ ಇರಲಿಲ್ಲ ಅಂದೆ. ಮುಂದೆ ಅಂದಿದ್ದನ್ನ ನಿನಗ್ಯಾರೂ ಹೇಳಿಲ್ಲ. ತಾಯಿ ಹೋಗಿ ವಾರ ಆಗಿಲ್ಲ, ಅಂಥವಳನ್ನ ವಿಮಾನ ಹತ್ತಿಸಿದ್ದು ನಿಮ್ಮ ತಪ್ಪು, ಅವಳದಲ್ಲ ಅಂದೆ. ಅವಳ ಕೆಲಸ ಕಿತ್ತುಕೋಬೇಡಿ, ಪಾಠ ನಾನು ಹೇಳಿಕೊಡ್ತೀನಿ ಅಂತ ಕೇಳ್ಕೊಂಡೆ."

"...ನೀವೇ ಕೇಳ್ಕೊಂಡ್ರಾ? ನಿಮ್ಮ ಕೈ ಮುರಿದೋಳಿಗೋಸ್ಕರ?"

"ಮೆಟ್ಟಿಲ ಕೆಳಗೆ ಬಿದ್ದಿದ್ದವನಿಗೆ ನಿನ್ನ ಮುಖ ಕಾಣ್ತಿತ್ತು. ಕೈ ನೋವಿಗಿಂತ ಅದೇ ಕಾಡ್ತು. ಆಮೇಲೆ ನನ್ನ ಅನ್ನದ ಪೊಟ್ಟಣ ಬಿಚ್ಚಿಕೊಡೋಕೆ ಶುರು ಮಾಡಿದೆಯಲ್ಲ... ನನ್ನ ಕಥೆ ಅಲ್ಲಿಗೆ ಮುಗೀತು ಕಣೆ. ನೀನಂದ್ರೆ ನಂಗೆ ತುಂಬಾ ಇಷ್ಟ."

ವೆನಿಂಗ್ ಕನ್ನಡಿ ನೋಡಿದಳು. ಲಿಪ್‌ಸ್ಟಿಕ್ ನೆಟ್ಟಗಿತ್ತು. ಅದರಡಿ ತುಟಿ ಅದುರುತ್ತಿತ್ತು.

'ಅಮ್ಮಾ... ನಾನು ಬರೋವರೆಗೂ ಕಾಯಬಾರದಿತ್ತಾ?'

ಇಷ್ಟು ದಿನ ಅಮ್ಮನನ್ನು ಕೇಳದೇ ಉಳಿದಿದ್ದ ಮಾತದು.

ಹೊರಗೆ ಅವನು ಎದ್ದು ನಿಂತು ಮತ್ತೆ ಎರಡು ಸಲ ತಟ್ಟಿದ. ಟಕ್, ಟಕ್.

"ಹೆಬ್ಬೆರಳು ತೋರಿಸು, ವೆನಿಂಗ್."

ಚಿಲಕ ಸರಿಯಿತು. ಬಾಗಿಲ ಸಂದಿಯಿಂದ ಹೆಬ್ಬೆರಳೊಂದು ಹೊರಗೆ ಬಂತು.

"ಕೊಂಡಿ ಬಿಡಿಸಿದೀಯಾ?"

"ಇಲ್ಲ... ಈಗ ಬಾಗಿಲು ತೆಗೆದ್ರೆ ಎಲ್ಲಾ ಒಟ್ಟಿಗೇ ಚಿಮ್ಮತ್ತೆ. ಪಕ್ಕಕ್ಕೆ ಸರ್ಕೊಳ್ಳಿ, ಮಸ್."

"ನಾನ್ಯಾಕೆ ಸರ್ಕೊಳ್ಳಲಿ? ಇನ್ನೊಂದು ಕೈ ನೆಟ್ಟಗೇ ಇದೆ. ಬಾ."